ಕಲೆ ತೆಗೆಯುವ ಕಲೆ

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮಳೆಗಾಲ ಬಂತೆಂದರೆ ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ನೀರಾಗುತ್ತದೆ, ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 65-70ನ್ನು ದಾಟಿ ಹಾಗೆಯೇ ನಿಂತರೆ ಕಾಗದದ ಮೇಲೆ ಶಿಲೀಂಧ್ರ ಬೆಳೆಯುವುದು ಸುಲಭ. ಹಳೆಯ ಪುಸ್ತಕಗಳ ಪುಟಗಳಲ್ಲಿ ಕಾಣುವ ಕಂದು ಚುಕ್ಕೆಗಳಿಗೆ ಈ ಶಿಲೀಂಧ್ರವೂ ಕಾಗದದೊಳಗೆ ಸೇರಿಕೊಂಡ ಕಬ್ಬಿಣದ ಕಣಗಳೂ ಕಾರಣ. ಅವನ್ನು ತೆಗೆದುಬಿಡಬೇಕೆಂಬ ಆಸೆ ಸಹಜವಾದದ್ದೇ. ಆದರೆ ಅನೇಕ ಅಪರೂಪದ ಪುಸ್ತಕಗಳಿಗೆ ಕಲೆಗಿಂತ ಹೆಚ್ಚಿನ ಹಾನಿ ಮಾಡಿದ್ದು ಕಲೆ ತೆಗೆಯುವ ಮದ್ದು.

ಮಲೆನಾಡಿನ ಹಳೆಯ ಬರವಣಿಗೆಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಉಳಿದುಬಂದಿವೆ. ಘಾಟಿಯ ಕೆಳಗಿನ ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ ಹೊರಟಿತು. 1894ರಲ್ಲಿ ಅಲ್ಲಿನ ಬಾಸೆಲ್ ಮಿಷನ್ ಕಿಟ್ಟೆಲ್ ನಿಘಂಟನ್ನು ಪ್ರಕಟಿಸಿತು. ಇದರೊಂದಿಗೆ ಕಾಗದದ ಯುಗವೂ ಅದರ ಕಷ್ಟಗಳೂ ಬಂದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಯಂತ್ರನಿರ್ಮಿತ ಕಾಗದಕ್ಕೆ ಪಟಿಕ ಬೆರೆಸುತ್ತಿದ್ದುದರಿಂದ ಅದರಲ್ಲಿ ಆಮ್ಲದ ಅಂಶ ಹೆಚ್ಚು. ಅದು ತನ್ನಷ್ಟಕ್ಕೇ ಕಂದಿ ಪುಡಿಯಾಗುತ್ತದೆ.

ಕಲೆ ತೆಗೆಯುವ ರಸಾಯನ ಯೂರೋಪಿನಲ್ಲಿ ಹುಟ್ಟಿದ್ದು. 1774ರಲ್ಲಿ ಸ್ವೀಡನ್ನಿನ ಷೀಲೆ ಕ್ಲೋರಿನ್ ಅನಿಲವನ್ನು ಕಂಡುಹಿಡಿದ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಬೆರ್ತೊಲೆ ಅದರಿಂದ ಬಟ್ಟೆ ಬಿಳಿಮಾಡುವ ವಿಧಾನ ತೋರಿಸಿದ. 1787ರಲ್ಲಿ ಷಾಪ್ತಾಲ್ ಅದನ್ನು ಹಳೆಯ ಪುಸ್ತಕ, ಚಿತ್ರಗಳಿಗೆ ಪ್ರಯೋಗಿಸಿದ. ಫಲ ಪವಾಡದಂತಿತ್ತು: ಮುದ್ರಣದ ಮಸಿ ಇಂಗಾಲದ್ದಾದ್ದರಿಂದ ಅಕ್ಷರ ಅಳಿಯಲಿಲ್ಲ, ಕಲೆ ಮಾತ್ರ ಮಾಯವಾಯಿತು.

ಕಷ್ಟ ತಿಳಿದದ್ದು ನಿಧಾನವಾಗಿ. ಕ್ಲೋರಿನ್ ಕಲೆಯ ಬಣ್ಣವನ್ನಷ್ಟೇ ಅಲ್ಲದೆ ಕಾಗದದ ಜೀವಾಳವಾದ ಸೆಲ್ಯುಲೋಸ್ ಎಳೆಯನ್ನೂ ಕಡಿಯುತ್ತದೆ. ಪೂರ್ತಿ ತೊಳೆದುಹೋಗದೆ ಉಳಿದ ರಾಸಾಯನಿಕ ವರ್ಷಗಟ್ಟಲೆ ಒಳಗೇ ಕೆಲಸ ಮಾಡುತ್ತದೆ. ಎಷ್ಟೋ ಸಲ ಬಣ್ಣ ಮರಳಿ ಬರುತ್ತದೆ. ಕಬ್ಬಿಣದ ಮಸಿಯಲ್ಲಿ ಅಂಚಿಗೆ ಬರೆದ ಟಿಪ್ಪಣಿ, ಪುಸ್ತಕದ ಹಿಂದಿನ ಒಡೆಯನ ಹೆಸರು ಕಲೆಯ ಜೊತೆಗೇ ಅಳಿಸಿಹೋಗುತ್ತವೆ. ಆ ಪ್ರತಿಯನ್ನು ಯಾರು ಓದಿದರು, ಎಲ್ಲಿ ತಡೆದು ಯೋಚಿಸಿದರು ಎಂಬುದಕ್ಕೆ ಅನೇಕ ವೇಳೆ ಅದೊಂದೇ ಸಾಕ್ಷಿ.

ಆದ್ದರಿಂದ ಇಂದಿನ ಸಂರಕ್ಷಕರು ಮೊದಲು ಕೈಗೆತ್ತಿಕೊಳ್ಳುವುದು ಮೃದುವಾದ ಕುಂಚವನ್ನು. ಒಣಗಿದ ಬೂಷ್ಟನ್ನು ಜತನದಿಂದ ಗುಡಿಸುತ್ತಾರೆ. ನೀರು ಬಿದ್ದು ಒಣಗಿದಾಗ ಕಾಗದದ ಕೊಳೆ ಒದ್ದೆಯ ಅಂಚಿಗೆ ಹರಿದು ಕಂದು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಯನ್ನಷ್ಟೇ ಒರೆಸಿದರೆ ಪಕ್ಕದಲ್ಲಿ ಇನ್ನೊಂದು ಗೆರೆ ಹುಟ್ಟುತ್ತದೆ. ಅದಕ್ಕಾಗಿ ಹಾಳೆಯನ್ನು ಬಿಚ್ಚಿ, ಮಸಿ ಕರಗದೆಂದು ಪರೀಕ್ಷಿಸಿದ ಮೇಲೆ, ಇಡಿಯಾಗಿ ಸುಣ್ಣದ ಅಂಶವುಳ್ಳ ನೀರಿನಲ್ಲಿ ತೊಳೆಯುತ್ತಾರೆ. ಇದರಿಂದ ಆಮ್ಲವೂ ತಗ್ಗುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಬಿಸಿಲಿಗೆ ಒಡ್ಡುವುದೂ ತರವಲ್ಲ. ನೇರ ಬಿಸಿಲು ಕಾಗದವನ್ನು ಒಡಕಲು ಮಾಡುತ್ತದೆ. ನೆರಳಿನಲ್ಲಿ ಗಾಳಿಗೆ ಬಿಡಿಸಿ, ಗೋಡೆಯಿಂದ ದೂರವಿಟ್ಟ ಕಪಾಟಿನಲ್ಲಿ ಜೋಡಿಸುವುದೇ ಮಳೆನಾಡಿನ ಓದುಗ ಮಾಡಬಹುದಾದ ದೊಡ್ಡ ಉಪಕಾರ.

1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಸುಮಾರು 30 ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. 1791ರ ಮರಾಠಾ ದಾಳಿಯ ನಂತರ ಮಠದೊಡನೆ ಸುಲ್ತಾನನಿಗಿದ್ದ ಸಂಬಂಧ ಅವುಗಳಿಂದ ಸ್ಪಷ್ಟವಾಯಿತು. ಇದೇ ಬೆಟ್ಟಗಳ ಮಳೆಯಲ್ಲಿ ಅವು ಹತ್ತಿರಹತ್ತಿರ 125 ವರ್ಷ ಕಳೆದಿದ್ದವು. ಚರಿತ್ರೆ ಬರೆಯುವವರಿಗೆ ಬೇಕಾದದ್ದು ಓದಲು ಬರುವ ಪುಟ. ಅದು ಬೆಳ್ಳಗಿರಬೇಕೆಂದೇನೂ ಇಲ್ಲ.