ಐರೋಲಿಯ ತಬಲಾ, ಡೊಂಬಿವಲಿಯ ಹಾಡು

ಬೇರೆ ಬೇರೆ ಊರಲ್ಲಿ ಕೂತು ಒಂದೇ ಹಾಡು ರೆಕಾರ್ಡ್ ಮಾಡೋದರ ಇತಿಹಾಸ ಇವತ್ತಿನ ವಿಷಯ. ನಾನು ಇದನ್ನ ಓದಿದ್ದು ಸೋತ ಮೇಲೆ.

2020ರ ಲಾಕ್‌ಡೌನ್. ಮುಂಬೈ ಲೋಕಲ್ ನಿಂತಿತ್ತು. ನಾನು ಡೊಂಬಿವಲಿಯಲ್ಲಿ, ಧಾರವಾಡದಲ್ಲಿ ನನ್ನ ಜೊತೆ ಕಲಿತ ತಬಲಾ ಗೆಳೆಯ ಐರೋಲಿಯಲ್ಲಿ. ಮೊದಲಾದರೆ ಠಾಣೆಯಲ್ಲಿ ಗಾಡಿ ಬದಲಿಸಿ ಸೇರುತ್ತಿದ್ದೆವು. ಪ್ರತಿ ಗುರುಪೂರ್ಣಿಮೆಗೆ ಧಾರವಾಡಕ್ಕೆ ಹೋಗಿ ಗುರುಗಳ ಮುಂದೆ ಹಾಡುವ ರೂಢಿ ನಮ್ಮದು. ಅವರಿಗೆ ಎಂಬತ್ತು ದಾಟಿದೆ. ಆ ವರ್ಷ ತಪ್ಪಿಸಲು ಮನಸ್ಸಾಗಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಪ್ರಯತ್ನಿಸಿದೆವು. ನನ್ನ ಸಮ್ ಅವನಿಗೆ ತಡವಾಗಿ ಮುಟ್ಟುತ್ತೆ, ಅವನ ಠೇಕಾ ನನಗೆ ಇನ್ನೂ ತಡ. ನಾನು ಕಾಯ್ತೀನಿ, ಅವನೂ ಕಾಯ್ತಾನೆ. ನಾಲ್ಕೇ ಆವರ್ತನಕ್ಕೆ ಲಯ ಕುಸಿಯಿತು.

ತಪ್ಪು ದೂರದ್ದಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ; ಡೊಂಬಿವಲಿ-ಐರೋಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ತಡ ಆಗೋದು ವೈಫೈ, ಆ್ಯಪ್ ಮತ್ತು ಬಫರ್‌ಗಳಲ್ಲಿ. 48,000 ಸ್ಯಾಂಪಲ್ ದರದಲ್ಲಿ 512ರ ಒಂದೇ ಬಫರ್ ಅಂದರೂ ಸುಮಾರು 11 ಮಿಲಿಸೆಕೆಂಡ್. ಅಂಥವು ದಾರಿಯುದ್ದಕ್ಕೂ ಇರುತ್ತವೆ.

ಈಗ ಹಿಂದಕ್ಕೆ ಹೋಗೋಣ. 1902ರಲ್ಲಿ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರನ್ನು ಧ್ವನಿಮುದ್ರಿಸಿದಾಗ ಹಾಡುಗಾರರೂ ಪಕ್ಕವಾದ್ಯದವರೂ ಒಂದೇ ಕೊಳವೆಯ ಮುಂದೆ ಕೂರಬೇಕಿತ್ತು, ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು. 1948ರಲ್ಲಿ ಅಮೆರಿಕದ ಲೆಸ್ ಪಾಲ್ ತಾನೇ ನುಡಿಸಿದ್ದರ ಮೇಲೆ ಮತ್ತೆ ತಾನೇ ನುಡಿಸುತ್ತಾ ಎಂಟು ಗಿಟಾರ್ ಪದರಗಳ ರೆಕಾರ್ಡ್ ತಂದರು. ಒಂದೇ ಹಾಡಿಗೆ ಎಲ್ಲರೂ ಒಂದೇ ಹೊತ್ತಿಗೆ ನುಡಿಸಲೇಬೇಕು ಅನ್ನೋ ನಿಯಮ ಸಡಿಲವಾಯಿತು. 2010ರಲ್ಲಿ ಎರಿಕ್ ವಿಟಕರ್ ಅವರ ವರ್ಚುವಲ್ ಕಾಯರ್‌ನಲ್ಲಿ 12 ದೇಶಗಳ 185 ಗಾಯಕರು ಮನೆಯಲ್ಲೇ ಹಾಡಿದರು. ಆದರೆ ಗಮನಿಸಿ: ಅವರ ಮುಂದೆ ವಿಟಕರ್ ಕೈ ಬೀಸುವ ವಿಡಿಯೊ ಇತ್ತು.

ನಮ್ಮ ಮುಂದೆ ಇದ್ದದ್ದು ಮೆಟ್ರೊನೋಮ್ ಕ್ಲಿಕ್ ಮಾತ್ರ. ಇಬ್ಬರೂ ಅದಕ್ಕೇ ಅಂಟಿಕೊಂಡು ಭೂಪ್ ರಾಗದ ಬಂದಿಶ್ ರೆಕಾರ್ಡ್ ಮಾಡಿ, ಜೋಡಿಸಿ, ಗುರುಗಳಿಗೆ ಕಳಿಸಿದೆವು. ಒಂದು ಮಾತ್ರೆಯೂ ತಪ್ಪಿರಲಿಲ್ಲ. ಸಂಜೆ ಫೋನ್ ಬಂತು:

"ತಾಳ ಛಲೋ ಅದ. ಆದ್ರ ನೀವಿಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಲ್ಲಲ್ಲೋ."

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪದ್ಧತಿಯಲ್ಲಿ ತಬಲಾದವ ಗಾಯಕನ ಉಸಿರು ನೋಡಿ ನುಡಿಸ್ತಾನೆ, ಗಾಯಕ ಅವನ ಠೇಕಾ ಕೇಳಿ ಮುಂದೆ ಹೋಗ್ತಾನೆ. ನಾವಿಬ್ಬರೂ ಮೂರನೆಯವನೊಬ್ಬನ ಮಾತು ಕೇಳಿದ್ದೆವು.

ಮರುದಿನ ಕ್ಲಿಕ್ ತೆಗೆದೆವು. ತಂಬೂರಿ ಹಾಕಿಕೊಂಡು, ಕೈಯಲ್ಲಿ ತಾಳ ಹಾಕುತ್ತಾ ಹಾಡಿ, ವಿಡಿಯೊ ಸಮೇತ ಕಳಿಸಿದೆ. ಅವನು ನನ್ನ ಕೈ, ಮುಖ ನೋಡುತ್ತಾ ನುಡಿಸಿದ. ಆಮೇಲೆ ನನ್ನ ಹಳೇ ದನಿ ಅಳಿಸಿ, ಅವನ ತಬಲಾ ಕೇಳುತ್ತಾ ಮತ್ತೆ ಹಾಡಿದೆ. ಲಯ ಅಲ್ಲಲ್ಲಿ ಸ್ವಲ್ಪ ಏರಿತು. ಹಾಗೇ ಬಿಟ್ಟೆವು. ನಿಮ್ಮ ಗೆಳೆಯರು ಪುಣೆಯಲ್ಲಿರಲಿ, ಡಲ್ಲಾಸ್‌ನಲ್ಲಿರಲಿ, ಹೀಗೆ ಎರಡು ಸುತ್ತು ಮಾಡಿ ನೋಡಿ.

ಅದನ್ನು ಕೇಳಿದ ಗುರುಗಳು ಒಂದೇ ಪ್ರಶ್ನೆ ಕೇಳಿದರು:

"ಲೋಕಲ್ ಶುರು ಆತೇನು?"