ಅಗೆಯುವ ಮುನ್ನ ಅರಿಯಬೇಕಾದ ನೆಲ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಆನಗೋಡು ಒಂದು ಹೋಬಳಿಯ ಕೇಂದ್ರ. ಮೊದಲು 4ನೆಯ ಸಂಖ್ಯೆಯಿಂದಲೂ ಈಗ 48ನೆಯ ಸಂಖ್ಯೆಯಿಂದಲೂ ಗುರುತಿಸಲ್ಪಡುವ ಈ ಪುಣೆ-ಬೆಂಗಳೂರು ಮಾರ್ಗವು ಕಳೆದ ಕೆಲವು ದಶಕಗಳಲ್ಲಿ ಹಿಗ್ಗುತ್ತಲೇ ಬಂದಿದೆ. ರಸ್ತೆ ಹಿಗ್ಗಬಾರದೆಂದು ಯಾರೂ ಹೇಳಲಾರರು. ಆದರೆ ಹೆದ್ದಾರಿ, ಕಾಲುವೆ, ಅಣೆಕಟ್ಟುಗಳು ಬರುವ ಪ್ರದೇಶಗಳಲ್ಲೆಲ್ಲ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಗ್ರಾಮದ ದಿಬ್ಬದಲ್ಲಿ ನಿಂತ ಹಳೆಯ ಕಲ್ಲುಗಳ ಗತಿಯೇನೆಂಬ ಪ್ರಶ್ನೆ ಏಳತಕ್ಕುದೇ ಆಗಿದೆ.

ಬಿ. ಎಲ್. ರೈಸ್ ಅವರು 1903ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟವು ಅಂದಿನ ಚಿತ್ರದುರ್ಗ ಜಿಲ್ಲೆಗೆ ಸಂಬಂಧಿಸಿದುದು. ದಾವಣಗೆರೆ ತಾಲೂಕಿನ ಶಾಸನಗಳೂ ಹರಿಹರದವೂ ಅದರಲ್ಲಿ ಸೇರಿವೆ. ಹರಿಹರೇಶ್ವರ ದೇಗುಲವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದನೆಂದು ಇಂದು ನಿಸ್ಸಂದೇಹವಾಗಿ ಹೇಳಲು ಸಾಧ್ಯವಾಗಿರುವುದು ಅಲ್ಲಿಯ ಕಲ್ಬರಹ ಉಳಿದು ಬಂದುದರಿಂದ. ಆ ದೇಗುಲವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಬಂದ ತಿದ್ದುಪಡಿಯು ಇಂತಹ ಸ್ಮಾರಕದ ಸುತ್ತಣ 100 ಮೀಟರನ್ನು ನಿಷಿದ್ಧವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತವೆಂದೂ ಗೊತ್ತುಪಡಿಸಿತು. ಆದರೆ ಈ ನಿಯಮದ ನೆರಳು ಘೋಷಿತವಾದ ಸ್ಮಾರಕಕ್ಕೆ ಮಾತ್ರ. ಪಟ್ಟಿಯಲ್ಲಿಲ್ಲದ ವೀರಗಲ್ಲಿಗೆ ಊರವರ ಭಕ್ತಿಯೊಂದೇ ಕಾವಲು.

ಕಾಮಗಾರಿಗೆ ಮುನ್ನ ನೆಲವನ್ನು ಪರೀಕ್ಷಿಸುವ ಕ್ರಮವು ಕಠಿಣವಾದುದೇನೂ ಅಲ್ಲ. ಮೊದಲು ಬಲ್ಲವರು ಆ ಪ್ರದೇಶದಲ್ಲಿ ಕಾಲ್ನಡಿಗೆಯಿಂದ ತಿರುಗಿ, ಮಡಕೆಯ ಚೂರು, ಬೂದಿಮಣ್ಣು, ಇಟ್ಟಿಗೆಯ ತುಣುಕುಗಳು ಎಲ್ಲೆಲ್ಲಿ ಕಾಣುವುವೆಂದು ನಕಾಶೆಯಲ್ಲಿ ಗುರುತು ಮಾಡುತ್ತಾರೆ. ಅನುಮಾನ ಹುಟ್ಟಿದೆಡೆ ಕೆಲವು ಚಿಕ್ಕ ಗುಳಿಗಳನ್ನು ತೋಡಿ, ಪದರ ಪದರವಾಗಿ ಮಣ್ಣನ್ನು ತೆಗೆದು, ಯಾವ ಪದರದಲ್ಲಿ ಏನು ದೊರೆಯಿತೆಂದು ಬರೆದಿಡುತ್ತಾರೆ. ಪದರ ಕಲಸಿಹೋದರೆ ಕಾಲವೂ ಕಲಸಿಹೋದಂತೆಯೇ. ಹಳೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ನಡೆಸಿದ ಉತ್ಖನನವು ದಕ್ಷಿಣ ಭಾರತದ ಪ್ರಾಚೀನತೆಗೆ ಕಾಲಕ್ರಮವನ್ನು ಒದಗಿಸಿದುದು ಈ ಪದರಗಳ ಓದಿನಿಂದಲೇ.

ಮುಂಚಿತವಾಗಿ ಎಚ್ಚೆತ್ತುಕೊಂಡರೆ ಏನು ಸಾಧ್ಯವೆಂಬುದಕ್ಕೆ ಹರಿಹರದ ತುಂಗಭದ್ರೆಯ ಜಾಡನ್ನೇ ಹಿಡಿದು ಹೋಗಬಹುದು. ಈ ನದಿಯು ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇಗುಲವಿದ್ದಿತು. ಶ್ರೀಶೈಲದ ಅಣೆಕಟ್ಟಿನ ಹಿನ್ನೀರು ಅದನ್ನು ನುಂಗುವುದೆಂದು ತಿಳಿದಾಗ, ಕಲ್ಲುಕಲ್ಲಿಗೂ ಅಂಕಿ ಹಾಕಿ, ನಕ್ಷೆ ತೆಗೆದು, ಬಿಚ್ಚಿ, ಆಲಂಪುರದಲ್ಲಿ ಮೊದಲಿನಂತೆಯೇ ಜೋಡಿಸಿದರು. ಪಾಪನಾಶಿಯ ಗುಡಿಗಳನ್ನೂ ಹೀಗೆಯೇ ಸ್ಥಳಾಂತರಿಸಲಾಯಿತು. ಅಕ್ಕಮಹಾದೇವಿ, ಅಲ್ಲಮಪ್ರಭುಗಳ ಹೆಸರಿನೊಡನೆ ಬೆಸೆದುಕೊಂಡ ಶ್ರೀಶೈಲದ ನೀರಿನಿಂದಲೇ ಈ ಶೈವಕ್ಷೇತ್ರಗಳು ಮುಳುಗುವ ಪ್ರಸಂಗ ಒದಗಿದುದು ವಿಚಿತ್ರವೇ ಸರಿ. ಅದೇ ಜಲಾಶಯದೊಳಗೆ ಉಳಿದುಹೋದ ಇನ್ನೊಂದು ಸಂಗಮೇಶ್ವರ ಗುಡಿಯು ವರ್ಷದ ಬಹುಭಾಗ ನೀರಿನಡಿಯಲ್ಲಿದ್ದು, ಬೇಸಗೆಯಲ್ಲಿ ನೀರಿಳಿದಾಗ ಮಾತ್ರ ಭಕ್ತರಿಗೆ ದರ್ಶನವೀಯುತ್ತದೆ.

ಕೂಡಲಸಂಗಮದಲ್ಲಿ ಅನುಸರಿಸಿದ ದಾರಿ ಬೇರೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಚ್ಚುವಂತಿದ್ದಿತು. ಆಲಂಪುರದಲ್ಲಿ ಮಾಡಿದಂತೆ ಇಲ್ಲಿ ಕಲ್ಲನ್ನು ಕಿತ್ತು ದಡಕ್ಕೆ ಒಯ್ಯುವುದರಲ್ಲಿ ಅರ್ಥವಿರಲಿಲ್ಲ. ಐಕ್ಯವಾದುದು ಆ ಸ್ಥಳದಲ್ಲಿ. ಸ್ಥಳವನ್ನು ಬಿಟ್ಟರೆ ಉಳಿಯುವುದು ಬರಿಯ ಕಲ್ಲು. ಆದುದರಿಂದ ಸುತ್ತಲೂ ಬಾವಿಯಂತಹ ಎತ್ತರದ ಗೋಡೆಯನ್ನೆಬ್ಬಿಸಿ, ದಡದಿಂದ ಸೇತುವೆ ಕಟ್ಟಿ, ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುವಂತೆ ಮಾಡಲಾಯಿತು. ಸುತ್ತಲೂ ನೀರು ನಿಂತಿರುವಾಗಲೂ ಶರಣಬಂಧುಗಳು ಮೂಲಸ್ಥಾನದಲ್ಲಿಯೇ ನಿಲ್ಲಬಹುದಾಗಿದೆ.

ಕಟ್ಟಿದ ಗುಡಿಗಿಂತ ಅಂಗದ ಮೇಲಣ ಇಷ್ಟಲಿಂಗವನ್ನು ನಂಬಿದ ಶರಣರ ಪರಂಪರೆಯವರಿಗೆ ಕಲ್ಲಿನ ಹಂಬಲವೇಕೆಂದು ಕೇಳುವವರುಂಟು. ಪ್ರಶ್ನೆ ಸಾಧುವಾದುದೇ. ಆದರೆ ವಚನಗಳು ಓಲೆಯ ಪ್ರತಿಗಳಲ್ಲಿ ಕೈಯಿಂದ ಕೈಗೆ ನಕಲಾಗುತ್ತ ಬಂದವು. ಬಹುಪಾಲು ಪ್ರತಿಗಳು ಶರಣರಿಗಿಂತ ಎಷ್ಟೋ ಈಚಿನವು. ಪುರಾಣಗಳು ಭಕ್ತಿಯಿಂದ ಹೇಳುತ್ತವೆ, ತೇದಿಯನ್ನು ಹೇಳುವುದಿಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವಾದರೋ ಸೇವುಣ ಕನ್ನರನ ಕಾಲದ್ದು, ಕ್ರಿ.ಶ. 1260ರದು. ಸಂಗನಬಸವನ ಹೆಸರೂ ಆತನ ವಂಶದ ಸೂಚನೆಯೂ ಅದರಲ್ಲಿ ಬಂದಿರುವುದರಿಂದ ಬಸವಣ್ಣನವರ ಚರಿತ್ರೆಗೆ ಅದು ಗಟ್ಟಿಯಾದ ಆಧಾರವಾಯಿತು. ಆ ಕಲ್ಲು ಯಾವುದಾದರೊಂದು ಮೋರಿಗೆ ಹಾಸುಗಲ್ಲಾಗಿ ಹೋಗಿದ್ದರೆ ವಿದ್ವಾಂಸರು ಇಂದಿಗೂ ಊಹೆಯಲ್ಲಿಯೇ ತೊಳಲಬೇಕಾಗಿದ್ದಿತು.

ಇದಕ್ಕಿಂತಲೂ ಬೇಗ ಕಣ್ಮರೆಯಾಗುವವು ಲಿಂಗಮುದ್ರೆಯ ಕಲ್ಲುಗಳು. ಗುಡಿಗೋ ಮಠಕ್ಕೋ ಬಿಟ್ಟ ಭೂಮಿಯ ಎಲ್ಲೆಯಲ್ಲಿ ಇವನ್ನು ನೆಡುತ್ತಿದ್ದರು. ಅಕ್ಷರವಿಲ್ಲದುದರಿಂದ ಇವನ್ನು ಶಾಸನವೆಂದು ಎಣಿಸುವವರು ವಿರಳ. ಜೆಸಿಬಿ ಯಂತ್ರದವನಿಗಂತೂ ಅದೊಂದು ಅಡ್ಡಗಲ್ಲು. ಇಂತಹ ಕಲ್ಲನ್ನು ಸಂಗ್ರಹಾಲಯಕ್ಕೆ ಒಯ್ದರೂ ಅರ್ಧವೇ ಉಳಿದಂತೆ, ಏಕೆಂದರೆ ಅದು ಹೇಳುವುದು ತಾನು ನಿಂತ ಎಲ್ಲೆಯನ್ನು. ಕೀಳುವುದು ಅನಿವಾರ್ಯವಾದಲ್ಲಿ, ಸರ್ವೆ ನಂಬರು, ಮುಖವಿದ್ದ ದಿಕ್ಕು, ಹತ್ತಿರದ ಕೆರೆ ಅಥವಾ ಗುಡಿಯಿಂದ ಇದ್ದ ದೂರ, ಒಂದು ಛಾಯಾಚಿತ್ರ, ಇಷ್ಟನ್ನಾದರೂ ಮೊದಲು ಬರೆದಿಟ್ಟುಕೊಳ್ಳಬೇಕು. ಆನಗೋಡಿನಂತಹ ಹೋಬಳಿಯಲ್ಲಿ ಈ ಕೆಲಸವನ್ನು ಶಾಲೆಯ ಉಪಾಧ್ಯಾಯರೂ ಗ್ರಾಮಲೆಕ್ಕಿಗರೂ ಕೂಡಿ, ರಸ್ತೆಯ ಗುರುತುಗಲ್ಲು ನೆಡುವುದರೊಳಗೆ, ಕೆಲವೇ ದಿನಗಳಲ್ಲಿ ಮಾಡಿ ಮುಗಿಸಬಹುದು.