ಹಿಡಿದ ಕೈಗಳ ನಾಣ್ಯ: ಕ್ರಿ.ಶ. 238ರ ರೋಮ್

ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ವಹಿಸುವ ಎಚ್ಚರವನ್ನು ನಾಣ್ಯಗಳನ್ನು ಓದುವಾಗಲೂ ವಹಿಸಬೇಕಾಗುತ್ತದೆ. ಎರಡರಲ್ಲಿಯೂ ಮಾತನಾಡುವುದು ಅಧಿಕಾರವೇ. ರಾಜ್ಯವು ಸಂಕಟದಲ್ಲಿದ್ದಾಗ ಅಚ್ಚಾದ ನಾಣ್ಯಗಳಂತೂ ಇದ್ದುದಕ್ಕಿಂತ ಇರಬೇಕೆಂದು ಬಯಸಿದ್ದನ್ನೇ ಹೆಚ್ಚಾಗಿ ಹೇಳುತ್ತವೆ. ಕ್ರಿ.ಶ. 238ರಲ್ಲಿ ರೋಮಿನಲ್ಲಿ ಅಚ್ಚಾದ ಬೆಳ್ಳಿಯ ನಾಣ್ಯಗಳು ಇದಕ್ಕೊಂದು ಉತ್ತಮ ನಿದರ್ಶನ.

ಆ ಒಂದೇ ವರ್ಷದಲ್ಲಿ ಆರು ಮಂದಿ ಸಾಮ್ರಾಟರನ್ನು ರೋಮ್ ಕಂಡಿತು. ಸೈನ್ಯಬಲದಿಂದ ಪಟ್ಟವೇರಿದ್ದ ಮ್ಯಾಕ್ಸಿಮಿನಸ್‌ನ ವಿರುದ್ಧ ಆಫ್ರಿಕಾ ಪ್ರಾಂತದಲ್ಲಿ ಎದ್ದ ಬಂಡಾಯವು ವೃದ್ಧ ಗೋರ್ಡಿಯನ್ ಮತ್ತು ಅವನ ಮಗನನ್ನು ಸಾಮ್ರಾಟರೆಂದು ಸಾರಿತು. ಕೆಲವೇ ವಾರಗಳಲ್ಲಿ ಇಬ್ಬರೂ ಅಳಿದರು. ಅವರ ಪಕ್ಷ ವಹಿಸಿದ್ದ ಸೆನೆಟ್ ಸಭೆಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಅದು ತನ್ನ ಹಿರಿಯ ಸದಸ್ಯರಾದ ಪ್ಯೂಪಿಯೆನಸ್ ಮತ್ತು ಬಾಲ್ಬಿನಸ್‌ರನ್ನು ಸಮಾನ ಅಧಿಕಾರದ ಜೋಡಿ ಸಾಮ್ರಾಟರನ್ನಾಗಿ ಆರಿಸಿತು. ಜನರ ಒತ್ತಾಯಕ್ಕೆ ಮಣಿದು ಗೋರ್ಡಿಯನ್‌ನ ಮೊಮ್ಮಗನಾದ ಬಾಲಕನನ್ನು 'ಸೀಸರ್' ಪದವಿಗೇರಿಸಿತು. ಅತ್ತ ಮ್ಯಾಕ್ಸಿಮಿನಸ್ ಅಕ್ವಿಲೇಯಾ ನಗರದ ಮುತ್ತಿಗೆಯ ಕಾಲದಲ್ಲಿ ತನ್ನ ಸೈನಿಕರಿಂದಲೇ ಹತನಾದನು.

ಈ ಜೋಡಿ ಸಾಮ್ರಾಟರ ನಾಣ್ಯಗಳ ಮುಮ್ಮುಖದಲ್ಲಿ ಕಿರಣಕಿರೀಟ ಧರಿಸಿದ ಒಬ್ಬನ ಮುಖ ಮಾತ್ರ ಇದೆ. ಹಿಮ್ಮುಖದಲ್ಲಿ ಒಂದನ್ನೊಂದು ಹಿಡಿದ ಎರಡು ಬಲಗೈಗಳು. ರೋಮನ್ನರಿಗೆ ಇದು ಒಪ್ಪಂದದ ಸಂಕೇತ, ವಿವಾಹದ ಸಂಕೇತವೂ ಹೌದು. ಸುತ್ತಲಿನ ಬರಹಗಳಲ್ಲಿ ಅಮೋರ್, ಫಿದೆಸ್, ಪಿಯೆತಾಸ್, ಕಾರಿತಾಸ್ ಎಂಬ ಪದಗಳಿವೆ: ಒಲವು, ನಂಬುಗೆ, ನಿಷ್ಠೆ, ಅಕ್ಕರೆ. ಪ್ರತಿಯೊಂದಕ್ಕೂ 'ಪರಸ್ಪರ' ಎಂಬರ್ಥದ ವಿಶೇಷಣವಿದೆ.

ಸಮಕಾಲೀನ ಇತಿಹಾಸಕಾರ ಹೆರೋಡಿಯನ್ ಕೊಡುವ ಚಿತ್ರ ಬೇರೆ. ಪ್ರಿಟೋರಿಯನ್ ಕಾವಲುಪಡೆಯು ಅರಮನೆಗೆ ನುಗ್ಗಿ ಬಂದಾಗ, ನಗರದಲ್ಲಿದ್ದ ಜರ್ಮನ್ ಸೈನಿಕರನ್ನು ಕರೆಸಬೇಕೆಂದು ಪ್ಯೂಪಿಯೆನಸ್ ಬಯಸಿದನು. ಅದು ತನ್ನ ವಿರುದ್ಧದ ಸಂಚೆಂದು ಶಂಕಿಸಿ ಬಾಲ್ಬಿನಸ್ ತಡೆದನು. ವಾದ ಮುಗಿಯುವ ಮೊದಲೇ ಇಬ್ಬರೂ ಸೆರೆಸಿಕ್ಕಿ ಕೊಲೆಯಾದರು. ಅವರ ಆಳ್ವಿಕೆ ಸುಮಾರು ಮೂರು ತಿಂಗಳದು.

ನಾಣ್ಯದ ಲೋಹವೂ ಇದೇ ಕಥೆಯನ್ನು ಹೇಳುತ್ತದೆ. ಕಾರಾಕಲ್ಲಾ 215ರಲ್ಲಿ ಆರಂಭಿಸಿ, ನಡುವೆ ನಿಂತುಹೋಗಿದ್ದ 'ಆಂಟೋನಿನಿಯಾನಸ್' ಎಂಬ ನಾಣ್ಯವನ್ನು ಇವರು ಮತ್ತೆ ಚಲಾವಣೆಗೆ ತಂದರು. ಅದರ ಬೆಲೆ ಎರಡು ದಿನಾರಿಯಸ್‌ಗಳೆಂದು ವಿದ್ವಾಂಸರು ಭಾವಿಸುತ್ತಾರೆ. ಆದರೆ ಅದರಲ್ಲಿದ್ದುದು ಸುಮಾರು ಒಂದೂವರೆ ದಿನಾರಿಯಸ್‌ನಷ್ಟು ಬೆಳ್ಳಿ. 270ರ ಹೊತ್ತಿಗೆ ಈ ನಾಣ್ಯದಲ್ಲಿ ಬೆಳ್ಳಿಯ ಪಾಲು ಶೇ. 5ಕ್ಕಿಂತ ಕೆಳಗಿಳಿದಿತ್ತು.

ಆದರೂ ಈ ನಾಣ್ಯಗಳನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಇಬ್ಬರ ನಡುವೆ ಒಲವಿತ್ತೆಂಬುದಕ್ಕೆ ಅವು ಸಾಕ್ಷಿಯಲ್ಲ, ನಿಜ. ಯಾವ ವಿಷಯದಲ್ಲಿ ಪ್ರಜೆಗಳಿಗೂ ಸೈನಿಕರಿಗೂ ಭರವಸೆ ನೀಡಬೇಕಾಗಿತ್ತು ಎಂಬುದಕ್ಕೆ ಮಾತ್ರ ಅವುಗಳಿಗಿಂತ ನೇರವಾದ ಸಾಕ್ಷಿ ದೊರೆಯುವುದು ಕಷ್ಟ. 'ಪರಸ್ಪರ' ಎಂಬ ಪದ ಮತ್ತೆಮತ್ತೆ ಅಚ್ಚಾದಲ್ಲಿ, ಇತಿಹಾಸದ ವಿದ್ಯಾರ್ಥಿ ಮೊದಲು ಹುಡುಕಬೇಕಾದದ್ದು ಬಿರುಕನ್ನು.